ಡೈನೋಸಿಸ್ಟ್ ಪಳೆಯುಳಿಕೆಯ ಪ್ರಭೇದವನ್ನು ಗುರುತಿಸುವ ಬಗೆ: ವಿವರಣೆ ಮೊದಲು, ಹೆಸರು ಕೊನೆಗೆ

ಮಧುಗಿರಿಯ ಏಕಶಿಲಾ ಬೆಟ್ಟವನ್ನೋ ನಂದಿಬೆಟ್ಟವನ್ನೋ ಕೋಲಾರದ ಗಣಿ ಪ್ರದೇಶದ ಶಿಲೆಗಳನ್ನೋ ನೋಡುತ್ತ ಭೂವಿಜ್ಞಾನ ಕಲಿತವರಿಗೆ ಪಳೆಯುಳಿಕೆ ಎಂಬುದು ಬಹುಮಟ್ಟಿಗೆ ಪುಸ್ತಕದ ವಿಷಯವಾಗಿಯೇ ಉಳಿದುಬಿಡುತ್ತದೆ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ನಮ್ಮ ಮೂರೂ ಜಿಲ್ಲೆಗಳ ಬುನಾದಿ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚು. ಆದರೆ ಡೈನೋಫ್ಲಾಜೆಲ್ಲೇಟ್ ಎಂಬ ಸೂಕ್ಷ್ಮಜೀವಿಯ ಸಿಸ್ಟ್‌ಗಳು (ಚಿಕ್ಕದಾಗಿ ಡೈನೋಸಿಸ್ಟ್) ನಿಸ್ಸಂದೇಹವಾಗಿ ಕಾಣತೊಡಗುವುದು ಟ್ರಯಾಸಿಕ್ ಯುಗದಿಂದ, ಎಂದರೆ ಸುಮಾರು 24 ಕೋಟಿ ವರ್ಷಗಳ ಈಚೆಗೆ. ಹಾಗಾಗಿ ತುಮಕೂರಿನಲ್ಲಿ ಕುಳಿತು ಇವುಗಳನ್ನು ಅಭ್ಯಾಸ ಮಾಡುವವರು ಕಲ್ಲನ್ನು ಹೊರಗಿನಿಂದಲೇ ತರಬೇಕು. ನಮಗೆ ಹತ್ತಿರದ ಆಕರವೆಂದರೆ ತಮಿಳುನಾಡಿನ ಕಾವೇರಿ ಜಲಾನಯನದ ಕ್ರಿಟೇಷಿಯಸ್ ಶಿಲೆಗಳು, ಅದರಲ್ಲೂ ತಿರುಚಿರಾಪಳ್ಳಿ ಜಿಲ್ಲೆಯ ಡಾಲ್ಮಿಯಾಪುರಂ ಸುತ್ತಮುತ್ತಲಿನ ಬೂದು ಬಣ್ಣದ ಶೇಲ್ ಎಂಬ ಪದರಗಲ್ಲು. ಈ ಬರಹದಲ್ಲಿ ಎದುರಿಗಿಟ್ಟುಕೊಂಡಿರುವ ಸ್ಲೈಡ್ ಆ ಕಲ್ಲಿನದೇ.

ಡೈನೋಫ್ಲಾಜೆಲ್ಲೇಟ್ ಎಂಬುದು ಎರಡು ಕಶಾಂಗಗಳಿಂದ, ಎಂದರೆ ಚಾಟಿಯಂತಹ ಎಳೆಗಳಿಂದ, ನೀರಿನಲ್ಲಿ ಈಜುವ ಏಕಕೋಶ ಜೀವಿ. ಸಮುದ್ರದಲ್ಲಿ ಹೆಚ್ಚಾಗಿದ್ದರೂ ಸಿಹಿನೀರಿನಲ್ಲಿಯೂ ಇದೆ. ನಮ್ಮ ಕೆರೆಯ ನೀರನ್ನು ಸಣ್ಣ ಜಾಲರಿಯಲ್ಲಿ ಸೋಸಿ ನೋಡಿದರೆ ಪೆರಿಡಿನಿಯಮ್, ಸೆರೇಶಿಯಮ್‌ಗಳು ಸಿಗಬಹುದು. ಪಳೆಯುಳಿಕೆಗೆ ಕೈಹಾಕುವ ಮೊದಲು ಜೀವಂತ ಪೆರಿಡಿನಿಯಮ್ ಒಂದನ್ನು ಹೊರಳಿಸಿ ನೋಡುವುದು ಒಳ್ಳೆಯದು. ನಡುವಿನಲ್ಲಿ ಸುತ್ತುವ ತೋಡು (ಮುಂದೆ ನಡುಪಟ್ಟಿ ಎನ್ನುವುದು ಇದನ್ನೇ), ಅದರಿಂದ ಕೆಳಗಿಳಿಯುವ ಇನ್ನೊಂದು ತೋಡು, ಮೈಮೇಲೆ ಹೊಂದಿಸಿಟ್ಟಂತಿರುವ ಫಲಕಗಳು, ಇವನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಸಿಸ್ಟ್ ಓದುವುದು ಸುಲಭವಾಗುತ್ತದೆ. ಕಲ್ಲಿನಲ್ಲಿ ಉಳಿಯುವುದು ಈಜುವ ಜೀವಿಯ ಈ ಕವಚವಲ್ಲ. ಜೀವನಚಕ್ರದ ಒಂದು ಹಂತದಲ್ಲಿ, ಸಾಮಾನ್ಯವಾಗಿ ಲೈಂಗಿಕ ಸಂಯೋಗದ ನಂತರ, ಜೀವಿಯು ತನ್ನೊಳಗೆ ಕಟ್ಟಿಕೊಂಡು ತಳಕ್ಕಿಳಿದು ವಿಶ್ರಮಿಸುವ ಗಟ್ಟಿ ಕೋಶವೇ ಸಿಸ್ಟ್. ಅದರ ಗೋಡೆಯ ಡೈನೋಸ್ಪೋರಿನ್ ಎಂಬ ಸಾವಯವ ವಸ್ತು ಆಮ್ಲಗಳಿಗೂ ಕರಗುವುದಿಲ್ಲವಾದ್ದರಿಂದಲೇ ಅದನ್ನು ಕಲ್ಲಿನಿಂದ ಬೇರ್ಪಡಿಸಲು ಸಾಧ್ಯವಾಗಿದೆ. ಇಂದಿನ ಪ್ರಭೇದಗಳಲ್ಲಿ ಇಂತಹ ಉಳಿಯಬಲ್ಲ ಸಿಸ್ಟ್ ಕಟ್ಟುವವು ಸ್ಥೂಲವಾಗಿ 15% ಮಾತ್ರ ಎಂಬುದನ್ನೂ ನೆನಪಿನಲ್ಲಿಡಬೇಕು.

ಈ ವಿಷಯಕ್ಕೆ ಹೊಸದಾಗಿ ಬಂದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ಸೂಕ್ಷ್ಮದರ್ಶಕದಲ್ಲಿ ಒಂದು ಆಕೃತಿ ಕಂಡೊಡನೆ ಚಿತ್ರಪುಟಗಳನ್ನು ತಿರುವಿ, ಹೋಲುವ ಚಿತ್ರವನ್ನು ಹುಡುಕಿ, ಅದರ ಕೆಳಗಿನ ಹೆಸರನ್ನು ತಮ್ಮ ಮಾದರಿಗೆ ಅಂಟಿಸುತ್ತಾರೆ. ಹೆಸರು ಒಮ್ಮೆ ಮನಸ್ಸಿನಲ್ಲಿ ಕುಳಿತ ಮೇಲೆ ಕಣ್ಣು ಆ ಹೆಸರಿಗೆ ಬೇಕಾದ ಲಕ್ಷಣಗಳನ್ನೇ ನೋಡುತ್ತದೆ, ಬೇಡದವುಗಳನ್ನು ಬಿಟ್ಟುಬಿಡುತ್ತದೆ. ಆದ್ದರಿಂದ ನಾನು ವಿದ್ಯಾರ್ಥಿಗಳಿಗೆ ಹೇಳುವ ಕ್ರಮ ತಿರುವುಮುರುವಾದದ್ದು: ಚಿತ್ರಪುಟಗಳನ್ನು ಮುಚ್ಚಿಟ್ಟು, ಮಾದರಿಯನ್ನು ಪೂರ್ತಿಯಾಗಿ ಬರೆದು, ಪೆನ್ಸಿಲಿನಲ್ಲಿ ಚಿತ್ರಿಸಿ, ಆಮೇಲೆ ಮಾತ್ರ ಹೆಸರಿನ ಕಡೆಗೆ ಹೋಗಬೇಕು.

ಕಲ್ಲು ಮತ್ತು ಸ್ಲೈಡ್

ಮಾದರಿಗೆ ಕಡುಬೂದು ಅಥವಾ ಕಪ್ಪು ಬಣ್ಣದ, ನುಣುಪು ಕಣಗಳ ಶೇಲ್ ಅಥವಾ ಜೇಡಿಕಲ್ಲನ್ನು ಆರಿಸಿಕೊಳ್ಳಬೇಕು. ಕೆಂಪು, ಹಳದಿ ಬಣ್ಣಕ್ಕೆ ತಿರುಗಿದ ಕಲ್ಲಿನಲ್ಲಿ ಆಮ್ಲಜನಕ ತನ್ನ ಕೆಲಸ ಮುಗಿಸಿರುತ್ತದೆ. ಅದರಲ್ಲಿ ಸಾವಯವ ಗೋಡೆಗಳು ಉಳಿದಿರುವ ಸಂಭವ ತೀರ ಕಡಿಮೆ. ಮೇಲ್ಪದರವನ್ನು ಕೆರೆದು ಒಳಗಿನ ತಾಜಾ ಕಲ್ಲನ್ನು ತೆಗೆದುಕೊಂಡರೆ 20ರಿಂದ 50 ಗ್ರಾಂ ಸಾಕು. ಹೈಡ್ರೋಕ್ಲೋರಿಕ್ ಆಮ್ಲದಿಂದ ಸುಣ್ಣದ ಅಂಶವನ್ನೂ ಹೈಡ್ರೋಫ್ಲೋರಿಕ್ ಆಮ್ಲದಿಂದ ಸಿಲಿಕೇಟ್ ಖನಿಜಗಳನ್ನೂ ಕರಗಿಸಿ, ತಟಸ್ಥವಾಗುವವರೆಗೆ ತೊಳೆದು, 10 ಅಥವಾ 15 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಉಳಿದದ್ದನ್ನು ಗ್ಲಿಸರಿನ್ ಜೆಲ್ಲಿಯಲ್ಲಿ ಸ್ಲೈಡ್ ಮಾಡುವುದು ವಾಡಿಕೆ. ಹೈಡ್ರೋಫ್ಲೋರಿಕ್ ಆಮ್ಲದ ವಿಷಯದಲ್ಲಿ ರಾಜಿ ಸಲ್ಲದು. ಅದು ಚರ್ಮದ ಮೂಲಕ ಒಳಗಿಳಿದು ರಕ್ತದ ಕ್ಯಾಲ್ಸಿಯಂ ಅನ್ನೇ ಹಿಡಿದುಕೊಳ್ಳುತ್ತದೆ, ಮತ್ತು ಆರಂಭದಲ್ಲಿ ನೋವೂ ತಿಳಿಯದಿರಬಹುದು. ಹೊಗೆ ಹೀರುವ ಗೂಡು, ಸರಿಯಾದ ಕೈಗವಸು, ಕೈಗೆಟಕುವಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್, ಜೊತೆಗೊಬ್ಬ ಅನುಭವಿ, ಇಷ್ಟೂ ಇಲ್ಲದ ಪ್ರಯೋಗಶಾಲೆಯಲ್ಲಿ ಈ ಕೆಲಸಕ್ಕೆ ಇಳಿಯಲೇಬಾರದು. ನಮ್ಮ ಜಿಲ್ಲಾ ಮಟ್ಟದ ಕಾಲೇಜುಗಳು ಕಲ್ಲನ್ನು ಸುಸಜ್ಜಿತ ಪ್ರಯೋಗಶಾಲೆಗೆ ಕಳುಹಿಸಿ, ಸಂಸ್ಕರಿಸಿದ ಶೇಷವನ್ನು ತರಿಸಿಕೊಳ್ಳುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಹಾಗೆ ಕಳುಹಿಸುವಾಗ ನೈಟ್ರಿಕ್ ಆಮ್ಲದಂತಹ ಉತ್ಕರ್ಷಕಗಳನ್ನು ಬಳಸಬೇಡಿರೆಂದು ಬರೆದು ತಿಳಿಸಬೇಕು. ಪರಾಗಕ್ಕೆ ಒಗ್ಗುವ ಆ ವಿಧಾನದಲ್ಲಿ ತೆಳುಗೋಡೆಯ ಪೆರಿಡಿನಿಯಾಯ್ಡ್ (ಪೆರಿಡಿನಿಯಮ್ ಬಗೆಯ) ಸಿಸ್ಟ್‌ಗಳು ನಾಶವಾಗುತ್ತವೆ.

ಇದು ಡೈನೋಸಿಸ್ಟ್ ಹೌದೇ?

ಸ್ಲೈಡಿನಲ್ಲಿ ಕಾಣುವ ಮುಳ್ಳುಮೈಯ ಗೋಳಗಳೆಲ್ಲ ಡೈನೋಸಿಸ್ಟ್ ಅಲ್ಲ. ಜರ್ಮನಿಯ ಎಹ್ರೆನ್‌ಬರ್ಗ್ 1830ರ ದಶಕದಲ್ಲಿ ಚಕಮಕಿ ಕಲ್ಲಿನ ತೆಳು ಚೂರುಗಳಲ್ಲಿ ಇಂತಹ ಮುಳ್ಳುಗೋಳಗಳನ್ನು ಕಂಡು, ಅವು ಸಿಹಿನೀರಿನ ಡೆಸ್ಮಿಡ್ ಪಾಚಿಗಳಿಗೆ ಸೇರಿದವೆಂದು ಭಾವಿಸಿದ್ದರು. ಮುಂದೆ ಅವನ್ನು ಹಿಸ್ಟ್ರಿಕೋಸ್ಫಿಯರ್ ಎಂಬ ಗುಂಪಿನಲ್ಲಿ ಇಡಲಾಯಿತು. ಅವುಗಳಲ್ಲಿ ಅನೇಕವು ಡೈನೋಫ್ಲಾಜೆಲ್ಲೇಟ್‌ಗಳ ಸಿಸ್ಟ್ ಎಂಬುದನ್ನು ಅಮೆರಿಕದ ವಿಲಿಯಂ ಎವಿಟ್ 1960ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅವರು ಹಿಡಿದ ಸುಳಿವುಗಳು ಮುಖ್ಯವಾಗಿ ಎರಡು: ಮುಳ್ಳುಗಳು ಮನಬಂದಂತೆ ಹರಡದೆ ಫಲಕಗಳ ವಿನ್ಯಾಸವನ್ನು ಅನುಸರಿಸುತ್ತವೆ, ಮತ್ತು ಗೋಡೆಯಲ್ಲಿ ನಿರ್ದಿಷ್ಟ ಸ್ಥಾನದಲ್ಲಿ ನಿರ್ದಿಷ್ಟ ಆಕಾರದ ಒಂದು ಬಾಯಿ ಇದೆ. ಈ ಎರಡೂ ಇಲ್ಲದೆ ಉಳಿದ, ಯಾವ ಜೀವಿಯದೆಂದು ಹೇಳಲಾಗದ ಸಾವಯವ ಸೂಕ್ಷ್ಮಕಾಯಗಳಿಗೆ 1963ರಲ್ಲಿ ಎವಿಟ್ ಅವರೇ ಅಕ್ರಿಟಾರ್ಕ್ ಎಂದು ಹೆಸರಿಟ್ಟರು. ನಾವು ಇಂದಿಗೂ ಕೇಳಬೇಕಾದ ಪ್ರಶ್ನೆಗಳು ಆ ಎರಡೇ.

ನಮ್ಮ ಕಡೆಯವರು ಇನ್ನೊಂದು ವಿಷಯದಲ್ಲಿ ಎಚ್ಚರವಹಿಸಬೇಕು. ತುಮಕೂರಿನ ಖಾಲಿ ನಿವೇಶನಗಳಲ್ಲೂ ರಸ್ತೆಯ ಬದಿಗಳಲ್ಲೂ ತುಂಬಿರುವ ಪಾರ್ಥೇನಿಯಂ ಗಿಡದ ಪರಾಗ ತೆರೆದ ಕಿಟಕಿಯಿಂದ ಬಂದು ಸ್ಲೈಡಿನ ಮೇಲೆ ಕೂರುತ್ತದೆ. ಸೂರ್ಯಕಾಂತಿಯ ಕುಟುಂಬದ ಉಳಿದ ಸಸ್ಯಗಳಂತೆ ಅದರ ಪರಾಗಕ್ಕೂ ಮೈತುಂಬ ಮುಳ್ಳುಗಳಿದ್ದು, ಹೊಸಬರಿಗೆ ಪುಟ್ಟ ಸಿಸ್ಟಿನಂತೆ ಕಾಣುತ್ತದೆ. ಆದರೆ ಅದಕ್ಕೆ ಮೂರು ರಂಧ್ರಸಹಿತ ಸೀಳುಗಳಿರುತ್ತವೆ, ಒಳಗೆ ಇನ್ನೂ ಜೀವದ್ರವ್ಯ ತುಂಬಿರುತ್ತದೆ, ಗಾತ್ರವೂ ಸುಮಾರು 20 ಮೈಕ್ರಾನಿನ ಆಸುಪಾಸಿನಲ್ಲಿ ಇರುತ್ತದೆ. ಡೈನೋಸಿಸ್ಟ್‌ಗಳು ಹೆಚ್ಚಾಗಿ 20ರಿಂದ 150 ಮೈಕ್ರಾನ್ ಗಾತ್ರದವು.

ಬಾಯಿಯನ್ನು ಓದುವುದು

ಡೈನೋಸಿಸ್ಟಿನ ಲಕ್ಷಣಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಬರೆಯಿಸುವುದು ಆರ್ಕಿಯೋಪೈಲ್ ಅನ್ನು. ವಿಶ್ರಾಂತಿ ಮುಗಿದ ಜೀವಿ ಹೊರಬರಲು ಗೋಡೆಯಲ್ಲಿ ತೆರೆದುಕೊಳ್ಳುವ ಬಾಯಿ ಇದು. ಕಳಚಿದ ತುಂಡು ಮುಚ್ಚಳ. ಎಳನೀರಿನ ತಲೆಯನ್ನು ಮಚ್ಚಿನಿಂದ ಹೊಡೆದಾಗ ಮುಚ್ಚಳ ಕೆಲವೊಮ್ಮೆ ಪೂರ್ತಿ ಹಾರಿಹೋಗುತ್ತದೆ, ಕೆಲವೊಮ್ಮೆ ಒಂದು ಕಡೆ ಸಿಪ್ಪೆಯಲ್ಲಿ ಅಂಟಿಕೊಂಡು ನೇತಾಡುತ್ತದೆ. ಸಿಸ್ಟಿನಲ್ಲೂ ಈ ಎರಡೂ ಬಗೆಗಳಿವೆ, ಮತ್ತು ಯಾವುದು ಎಂಬುದನ್ನು ಬರೆದಿಡಬೇಕು. ಆದರೆ ಎಳನೀರಿಗೂ ಸಿಸ್ಟಿಗೂ ಮುಖ್ಯವಾದ ವ್ಯತ್ಯಾಸವೊಂದಿದೆ: ಸಿಸ್ಟಿನ ಬಾಯಿ ಎಲ್ಲೆಂದರಲ್ಲಿ ಕೊಯ್ದದ್ದಲ್ಲ, ಫಲಕಗಳ ಗಡಿಯನ್ನು ಹಿಡಿದೇ ತೆರೆದದ್ದು. ಆದ್ದರಿಂದ ಅದರ ಅಂಚಿನಲ್ಲಿ ನೇರ ಗೆರೆಗಳೂ ಮೂಲೆಗಳೂ ಕಾಣುತ್ತವೆ. ಒತ್ತಡಕ್ಕೆ ಹರಿದ ಗೋಡೆಯ ಅಂಚು ಹೀಗಿರುವುದಿಲ್ಲ. ಸಂಶಯ ಬಂದರೆ ಅದೇ ಬಗೆಯ ಹತ್ತು ಮಾದರಿಗಳನ್ನು ಹುಡುಕಿ ನೋಡಬೇಕು; ಹತ್ತರಲ್ಲೂ ಅದೇ ಸ್ಥಾನದಲ್ಲಿ ಅದೇ ಆಕಾರವಿದ್ದರೆ ಅದು ಬಾಯಿಯೇ.

ಬಾಯಿಯ ಸ್ಥಾನ ದೊಡ್ಡ ಗುಂಪುಗಳನ್ನು ಬೇರ್ಪಡಿಸುತ್ತದೆ. ಶಿಖರದ ನಾಲ್ಕು ಫಲಕಗಳೂ ಒಟ್ಟಾಗಿ ಕಳಚಿದ್ದರೆ ಅದು ಶಿಖರ ಆರ್ಕಿಯೋಪೈಲ್. ಅಂಚು ಅಂಕುಡೊಂಕಾಗಿದ್ದು, ಜೀವಿಯ ಮುಂಬದಿಯಲ್ಲಿ ಒಂದು ಕಚ್ಚು ಇರುತ್ತದೆ. ಬೆನ್ನಿನ ಕಡೆ ನಡುಪಟ್ಟಿಗಿಂತ ಮೇಲಿನ ಸಾಲಿನ ಒಂದೇ ಫಲಕ ಬಿದ್ದಿದ್ದರೆ ಅದು ಬೇರೆ ಬಗೆ. ಸ್ಪಿನಿಫೆರೈಟಿಸ್ ಕುಲದಲ್ಲಿ ಕಳಚುವುದು ಆ ಸಾಲಿನ ಮೂರನೆಯ ಫಲಕ. ಶಿಖರಕ್ಕೂ ಆ ಸಾಲಿಗೂ ನಡುವಿನ ಫಲಕ, ಹೆಚ್ಚಾಗಿ ಷಟ್ಕೋನಾಕಾರದ್ದು, ಬಿದ್ದಿದ್ದರೆ ನಿಮ್ಮ ಮಾದರಿ ಪೆರಿಡಿನಿಯಾಯ್ಡ್ ಗುಂಪಿನದಾಗಿರುವ ಸಾಧ್ಯತೆ ಹೆಚ್ಚು.

ಫಲಕಗಳ ಲೆಕ್ಕವನ್ನು ಚಾರ್ಲ್ಸ್ ಕೊಫಾಯ್ಡ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಪದ್ಧತಿಯಲ್ಲಿ ಬರೆಯುವುದು ರೂಢಿ. ಸಂಖ್ಯೆಯ ಪಕ್ಕದಲ್ಲಿ ಒಂದು ಗೀಟು ಇದ್ದರೆ ಶಿಖರದ ಸಾಲು, ಎರಡು ಗೀಟು ಇದ್ದರೆ ನಡುಪಟ್ಟಿಗಿಂತ ಮೇಲಿನ ಸಾಲು, ಮೂರು ಗೀಟು ನಡುಪಟ್ಟಿಗಿಂತ ಕೆಳಗಿನ ಸಾಲು, ನಾಲ್ಕು ಗೀಟು ತಳದ ಫಲಕ. ಡೈನೋಸಿಸ್ಟ್‌ಗಳ ಇನ್ನೊಂದು ದೊಡ್ಡ ಗುಂಪಾದ ಗೊನಿಯಾಲಕಾಯ್ಡ್‌ಗಳ ಮಾದರಿ ಸೂತ್ರದಲ್ಲಿ ಶಿಖರದಲ್ಲಿ 4, ಮೇಲಿನ ಸಾಲಿನಲ್ಲಿ 6, ನಡುಪಟ್ಟಿಯಲ್ಲಿ 6, ಕೆಳಗಿನ ಸಾಲಿನಲ್ಲಿ 6, ಕೆಳಗಿನ ಸಾಲಿಗೂ ತಳಕ್ಕೂ ನಡುವಿನ ಫಲಕ 1, ತಳದಲ್ಲಿ 1. ಪೆರಿಡಿನಿಯಾಯ್ಡ್ ಗುಂಪಿನಲ್ಲಿ ಮೇಲಿನ ಸಾಲಿನಲ್ಲಿ 7, ಕೆಳಗಿನ ಸಾಲಿನಲ್ಲಿ 5, ತಳದಲ್ಲಿ 2 ಎಂಬುದು ಸಾಮಾನ್ಯ ಚಿತ್ರ. ತಳದಲ್ಲಿ ಒಂದೇ, ಎರಡೇ ಎಂಬುದನ್ನು ನೋಡಿದರೂ ಎಷ್ಟೋ ಸಲ ಗುಂಪು ಗೊತ್ತಾಗಿಬಿಡುತ್ತದೆ.

ಎಡ ಬಲ ಎನ್ನುವಾಗ ಜೀವಿಯ ಎಡ ಬಲ ಎಂದೇ ಅರ್ಥ. ಎದುರಿಗೆ ನಿಂತವರ ಎಡಗೈ ನಮ್ಮ ಬಲಕ್ಕೆ ಬರುವಂತೆ, ಸಿಸ್ಟಿನ ಮುಂಬದಿಯನ್ನು ಹೊರಗಿನಿಂದ ನೋಡಿದಾಗ ಅದರ ಎಡ ನಮ್ಮ ಬಲಕ್ಕಿರುತ್ತದೆ. ಆದರೆ ಸಿಸ್ಟ್ ಪಾರದರ್ಶಕ. ಬೆನ್ನು ಮೇಲಾಗಿ ಬಿದ್ದ ಮಾದರಿಯಲ್ಲಿ ಫೋಕಸ್ ಇಳಿಸುತ್ತ ಹೋದರೆ ಕೆಳಗಿರುವ ಮುಂಬದಿಯನ್ನು ನಾವು ಒಳಗಿನಿಂದ ನೋಡುತ್ತಿರುತ್ತೇವೆ, ಆಗ ಅದರ ಎಡ ನಮ್ಮ ಎಡಕ್ಕೇ ಇರುತ್ತದೆ. ಪ್ರತಿ ಚಿತ್ರದ ಪಕ್ಕದಲ್ಲಿ ಮೇಲಿನ ಫೋಕಸ್, ನಡು ಫೋಕಸ್, ಕೆಳಗಿನ ಫೋಕಸ್ ಎಂದು ಬರೆದಿಡದಿದ್ದರೆ ಮನೆಗೆ ಹೋಗಿ ಚಿತ್ರಗಳನ್ನು ಜೋಡಿಸುವಾಗ ಎಲ್ಲವೂ ತಲೆಕೆಳಗಾಗುತ್ತದೆ.

ಒಂದು ಮಾದರಿಯ ಮುಂದೆ

ಈಗ ಡಾಲ್ಮಿಯಾಪುರಂ ಸ್ಲೈಡಿಗೆ ಬರೋಣ. ನಡುವೆ ದುಂಡನೆಯ ಮೈ, ಸುತ್ತಲೂ ಕೊಳವೆಯಂತಹ ಉದ್ದನೆಯ ಚಾಚುಗಳು. ಪ್ರತಿ ಚಾಚೂ ತುದಿಯಲ್ಲಿ ಕಹಳೆಯ ಬಾಯಿಯಂತೆ ಅರಳಿ, ಅರಳಿದ ಅಂಚು ಚೂಪಾದ ಹಲ್ಲುಗಳಾಗಿ ಸೀಳಿದೆ. ಚಾಚಿನ ಉದ್ದ ಮೈಯ ವ್ಯಾಸದ ಅರ್ಧಕ್ಕಿಂತಲೂ ಹೆಚ್ಚು. 30% ಮೀರಿದರೆ ಕೋರೇಟ್ ಎಂಬ ವರ್ಗಕ್ಕೆ ಸೇರಿಸುವುದರಿಂದ ಇದು ಕೋರೇಟ್ ಸಿಸ್ಟ್. ಒಂದು ತುದಿಯಲ್ಲಿ ಮೈ ತೆರೆದಿದೆ, ಅಂಚು ಅಂಕುಡೊಂಕಾಗಿದೆ, ಮುಚ್ಚಳ ಇಲ್ಲ. ಇಷ್ಟರಿಂದ ಶಿಖರ ಆರ್ಕಿಯೋಪೈಲ್ ಎಂದು ಬರೆಯಬಹುದು.

ಮುಂದಿನ ಕೆಲಸ ಚಾಚುಗಳನ್ನು ಎಣಿಸುವುದು, ಮತ್ತು ಈ ಗುಂಪಿನಲ್ಲಿ ಎಲ್ಲವೂ ನಿಂತಿರುವುದು ಈ ಎಣಿಕೆಯ ಮೇಲೆ. ಪ್ರತಿ ಫಲಕದ ನಡುವಿನಿಂದ ಒಂದೊಂದೇ ಚಾಚು ಹೊರಡುತ್ತದೆ ಎಂದಿಟ್ಟುಕೊಂಡರೆ ಚಾಚಿನ ಎಣಿಕೆಯೇ ಫಲಕದ ಎಣಿಕೆ. ಹಿಂದೊಮ್ಮೆ ಇಂತಹದೇ ಮಾದರಿಯನ್ನು ನಾನು ಹಿಸ್ಟ್ರಿಕೋಸ್ಫೇರಿಡಿಯಮ್ ಎಂದು ದಾಖಲಿಸಿದ್ದೆ. ಮೇಲಿನ ಫೋಕಸಿನಲ್ಲಿ ನೋಡಿದಾಗ ಮೈಯ ನಡುಭಾಗದಲ್ಲಿ ಅಡ್ಡಲಾಗಿ ಎರಡು ಮೂರು ಚಾಚುಗಳು ಕಂಡಿದ್ದವು, ಅವನ್ನು ನಡುಪಟ್ಟಿಯ ಚಾಚುಗಳೆಂದು ಎಣಿಸಿದ್ದೆ. ಎರಡು ವಾರಗಳ ನಂತರ ಅದೇ ಸ್ಲೈಡನ್ನು ನೂರು ಪಟ್ಟು ಹಿಗ್ಗಿಸುವ ಎಣ್ಣೆ ಲೆನ್ಸಿನಲ್ಲಿ ಇಟ್ಟು, ತುದಿಯನ್ನಲ್ಲ, ಬುಡವನ್ನು ಹಿಡಿದು ಒಂದೊಂದೇ ಚಾಚನ್ನು ಹಿಂಬಾಲಿಸಿದೆ. ನಡುವಿನಲ್ಲಿ ಕಂಡ ಚಾಚುಗಳ ಬುಡ ನಡುಪಟ್ಟಿಯಲ್ಲಿ ಇರಲೇ ಇಲ್ಲ. ಮೇಲಿನ ಸಾಲಿನ ಚಾಚುಗಳು ಒತ್ತಡಕ್ಕೆ ಬಾಗಿ ನಡುಪಟ್ಟಿಯ ಮೇಲೆ ಒರಗಿದ್ದವು. ಮಕ್ಕಳ ಉಡಿದಾರದಂತೆ ಮೈಯನ್ನು ಸುತ್ತಿದ ಆ ಪಟ್ಟಿ ಪೂರ್ತಿ ಬರಿದಾಗಿತ್ತು. ಆ ಒಂದು ಬರಿದಾದ ಪಟ್ಟಿಯಿಂದ ಕುಲವೇ ಬದಲಾಗುತ್ತದೆ: ನಡುಪಟ್ಟಿಯಲ್ಲಿ ಚಾಚುಗಳಿದ್ದರೆ ಹಿಸ್ಟ್ರಿಕೋಸ್ಫೇರಿಡಿಯಮ್, ಇಲ್ಲದಿದ್ದರೆ ಆಲಿಗೋಸ್ಫೇರಿಡಿಯಮ್. ಅಂದಿನಿಂದ ಚಾಚುಗಳನ್ನು ಬುಡದಿಂದಲೇ ಎಣಿಸಬೇಕೆಂಬುದನ್ನು ನಾನು ನಿಯಮವಾಗಿಯೇ ಹೇಳುತ್ತಿದ್ದೇನೆ.

ಲೆಕ್ಕವನ್ನು ಹೀಗೆ ತಾಳೆ ನೋಡಬೇಕು. ಆಲಿಗೋಸ್ಫೇರಿಡಿಯಮ್‌ನಲ್ಲಿ ಶಿಖರದಲ್ಲಿ 4, ಮೇಲಿನ ಸಾಲಿನಲ್ಲಿ 6, ಕೆಳಗಿನ ಸಾಲಿನಲ್ಲಿ 5, ಕೆಳಗಿನ ಸಾಲಿಗೂ ತಳಕ್ಕೂ ನಡುವಿನ ಫಲಕದಲ್ಲಿ 1, ತಳದಲ್ಲಿ 1, ಜೊತೆಗೆ ಮುಂಬದಿಯ ತೋಡಿನಲ್ಲಿ ಒಂದು ಇರಬಹುದು. ಒಟ್ಟು 17 ಅಥವಾ 18. ಕೆಳಗಿನ ಸಾಲಿನ ಮೊದಲ ಫಲಕ ಚಿಕ್ಕದಾಗಿರುವುದರಿಂದ ಅಲ್ಲಿ ಚಾಚು ಸಾಮಾನ್ಯವಾಗಿ ಬೆಳೆಯುವುದಿಲ್ಲ. ನಮ್ಮ ಮಾದರಿಯಲ್ಲಿ ಮುಚ್ಚಳ ಹೋಗಿದೆ. ಅದರೊಂದಿಗೆ ಶಿಖರದ ನಾಲ್ಕು ಚಾಚುಗಳೂ ಹೋಗಿವೆ. ಹಾಗಾಗಿ ಮೈಮೇಲೆ ಉಳಿದಿರಬೇಕಾದದ್ದು 13 ಅಥವಾ 14, ಮತ್ತು ಬುಡ ಹಿಡಿದು ಎಣಿಸಿದಾಗ ಸಿಗುವುದೂ 13. ಎಣಿಕೆ 20 ದಾಟಿದ್ದರೆ ನಡುಪಟ್ಟಿಯನ್ನು ಮತ್ತೆ ಪರಿಶೀಲಿಸಬೇಕಾಗಿತ್ತು. ಸ್ಲೈಡಿನ ಸುತ್ತಮುತ್ತ ಹುಡುಕಿದರೆ ನಾಲ್ಕು ಚಾಚುಗಳ ಬಿಡಿ ಮುಚ್ಚಳಗಳು ಸಿಗುವುದೂ ಉಂಟು; ಅವನ್ನು ಬೇರೆ ಜೀವಿಯೆಂದು ಎಣಿಸಬಾರದು.

ಕುಲ ನಿಂತ ಮೇಲೆ ಪ್ರಭೇದ. ಇಲ್ಲಿ ಚಾಚಿನ ತುದಿಯನ್ನು ನೋಡಬೇಕು. ಅರಳಿದ ಭಾಗ ಅಗಲವಾಗಿ ಹರಡಿ ಜಾಲರಿಯಂತೆ ತೂತುತೂತಾಗಿದ್ದರೆ ಅದು ಆಲಿಗೋಸ್ಫೇರಿಡಿಯಮ್ ಪುಲ್ಕೆರಿಮಮ್ ಕಡೆಗೆ ಬೆರಳು ತೋರುತ್ತದೆ. ನಮ್ಮ ಮಾದರಿಯಲ್ಲಿ ತೂತುಗಳಿಲ್ಲ, ಹಲ್ಲುಗಳಷ್ಟೇ ಇವೆ. ಚಾಚಿನ ಕಾಂಡ ನುಣುಪಾಗಿ ಟೊಳ್ಳಾಗಿದೆ, ಚಾಚುಗಳು ಒಂದಕ್ಕೊಂದು ಸೇರಿಕೊಂಡಿಲ್ಲ. ಇವೆಲ್ಲ ಆಲಿಗೋಸ್ಫೇರಿಡಿಯಮ್ ಕಾಂಪ್ಲೆಕ್ಸ್ ಪ್ರಭೇದದ ವಿವರಣೆಗೆ ಹೊಂದುತ್ತವೆ. ಇದೇ ಕಾಲದ ಸುಮಾರಿನ ಲಿಟೋಸ್ಫೇರಿಡಿಯಮ್ ಸೈಫೋನಿಫೋರಮ್ ಜೊತೆಗೂ ಹೋಲಿಸಿ ನೋಡಬೇಕು. ಅದರ ಚಾಚುಗಳು ಗಿಡ್ಡ, ಬುಡ ಅಗಲ, ಗುಮ್ಮಟದಂತಹವು. ಈ ಹೋಲಿಕೆಗೆ ಕಾಲನಿರ್ಣಯದ ದೃಷ್ಟಿಯಿಂದಲೂ ಮಹತ್ವವಿದೆ. ಆಲಿಗೋಸ್ಫೇರಿಡಿಯಮ್ ಕಾಂಪ್ಲೆಕ್ಸ್ ಕ್ರಿಟೇಷಿಯಸ್ ಯುಗದುದ್ದಕ್ಕೂ ಅದರ ಆಚೆಗೂ ಸಿಗುವುದರಿಂದ ಅದೊಂದರಿಂದ ಕಲ್ಲಿನ ವಯಸ್ಸು ಹೇಳಲಾಗದು. ಲಿಟೋಸ್ಫೇರಿಡಿಯಮ್ ಸೈಫೋನಿಫೋರಮ್ ಕ್ರಿಟೇಷಿಯಸ್‌ನ ನಡುಭಾಗದ ಹಂತಗಳಾದ ಆಲ್ಬಿಯನ್ ಕೊನೆಯಿಂದ ಸೆನೊಮೇನಿಯನ್‌ವರೆಗಿನ ಕಿರಿದಾದ ಅವಧಿಯದು.

ಚಾಚಿನ ಉದ್ದವೊಂದನ್ನೇ ನಂಬಿ ಪ್ರಭೇದಗಳನ್ನು ಒಡೆಯಬಾರದು. ಇಂದಿನ ಸಮುದ್ರಗಳ ಲಿಂಗುಲೋಡಿನಿಯಮ್ ಮಕೇರೋಫೋರಮ್ ಸಿಸ್ಟಿನಲ್ಲಿ ನೀರಿನ ಉಪ್ಪಿನಂಶ ಕಡಿಮೆಯಾದಂತೆ ಮುಳ್ಳುಗಳು ಗಿಡ್ಡವಾಗುತ್ತವೆ. ಜೀವಿ ಮಾತ್ರ ಒಂದೇ. ನಾನು ಒಂದೇ ಪದರದಿಂದ ಕನಿಷ್ಠ ಇಪ್ಪತ್ತು ಮಾದರಿಗಳನ್ನು ಅಳೆದು, ಕನಿಷ್ಠ, ಸರಾಸರಿ, ಗರಿಷ್ಠ ಮೂರನ್ನೂ ಬರೆಯಿಸುತ್ತೇನೆ. ಗಿಡ್ಡದಿಂದ ಉದ್ದಕ್ಕೆ ಅಳತೆಗಳು ತಡೆಯಿಲ್ಲದೆ ಸಾಗಿದರೆ ಅದು ಒಂದೇ ಪ್ರಭೇದದ ವೈವಿಧ್ಯ ಎಂದು ತಿಳಿಯುವುದು ವಿವೇಕ.

ಹೆಸರು ಬರೆಯುವಾಗ

ಈಗ ಚಿತ್ರಪುಟಗಳನ್ನು ತೆರೆಯಬಹುದು, ಆದರೆ ಚಿತ್ರಕ್ಕಿಂತ ಮೂಲ ವಿವರಣೆಯ ಪಠ್ಯವನ್ನು ಓದಬೇಕು. ಹೆಸರುಗಳ ಇಂದಿನ ಸ್ಥಿತಿಗೆ ಲೆಂಟಿನ್ ಮತ್ತು ವಿಲಿಯಮ್ಸ್ 1973ರಲ್ಲಿ ಆರಂಭಿಸಿದ ಸೂಚಿ ಮತ್ತು ಅದರ ಮುಂದುವರಿಕೆಯಾದ ಡೈನೋಫ್ಲಾಜ್ ದತ್ತಸಂಚಯ ಬಳಕೆಯಲ್ಲಿವೆ. ಹೆಸರಿನ ಮುಂದಿನ ಕರ್ತೃಗಳನ್ನು ಬಿಡದೆ ಬರೆಯಬೇಕು: ಆಲಿಗೋಸ್ಫೇರಿಡಿಯಮ್ ಕಾಂಪ್ಲೆಕ್ಸ್ (ವೈಟ್ 1842) ಡೇವಿ ಮತ್ತು ವಿಲಿಯಮ್ಸ್ 1966. ಆವರಣದೊಳಗಿನ ಹೆಸರು ಮೊದಲು ವಿವರಿಸಿದವರದು, ಹೊರಗಿನದು ಅದನ್ನು ಈಗಿನ ಕುಲಕ್ಕೆ ತಂದವರದು. ಡೆಸ್ಮಿಡ್ ಎಂದು ಭಾವಿಸಿ ಕ್ಸಾಂಥಿಡಿಯಮ್ ಕುಲದಲ್ಲಿ ಇಟ್ಟ ಒಂದು ರೂಪ 124 ವರ್ಷಗಳ ನಂತರ ಎಲ್ಲಿಗೆ ಬಂದು ನಿಂತಿತೆಂಬುದು ಆ ಒಂದು ಸಾಲಿನಲ್ಲೇ ಇದೆ. ಮೇಲಿನ ಶ್ರೇಣಿಗಳಿಗೆ ಫೆನ್ಸಮ್ ಮತ್ತು ಸಂಗಡಿಗರ 1993ರ ವರ್ಗೀಕರಣವನ್ನು ಅನುಸರಿಸುವುದು ರೂಢಿ. ಅದರಂತೆ ನಮ್ಮ ಮಾದರಿ ಡೈನೋಫ್ಲಾಜೆಲ್ಲೇಟಾ ವಿಭಾಗದ, ಡೈನೋಫೈಸಿ ವರ್ಗದ, ಗೊನಿಯಾಲಕೇಲ್ಸ್ ಗಣದ, ಗೊನಿಯಾಲಕೇಸಿ ಕುಟುಂಬದ ಸದಸ್ಯ.

ಹೊಂದಿಕೆ ಪೂರ್ಣವಾಗಿಲ್ಲದಿದ್ದರೆ ಅದನ್ನು ಬಚ್ಚಿಡಬಾರದು. ಮಾದರಿ ಹಾಳಾಗಿದ್ದು ಬಹುಶಃ ಅದೇ ಇರಬಹುದು ಎನ್ನಿಸಿದರೆ ಕುಲದ ಹೆಸರಿನ ನಂತರ 'ಹೋಲಿಸಿ ನೋಡಿ' ಎಂಬ ಅರ್ಥದ 'ಸಿಎಫ್.' ಸೇರಿಸಬೇಕು, ಹತ್ತಿರದ್ದಾದರೂ ಬೇರೆಯೇ ಎಂದು ಖಚಿತವಿದ್ದರೆ 'ಆಫ್.', ಕುಲ ಮಾತ್ರ ತಿಳಿದಿದ್ದರೆ 'ಎಸ್‌ಪಿ.'. ಪ್ರಾಮಾಣಿಕವಾಗಿ ಬರೆದ 'ಎಸ್‌ಪಿ.' ತಪ್ಪು ಪ್ರಭೇದನಾಮಕ್ಕಿಂತ ಎಷ್ಟೋ ಹೆಚ್ಚು ಉಪಯುಕ್ತ, ಏಕೆಂದರೆ ತಪ್ಪು ಹೆಸರು ಮುಂದಿನವರ ಕಾಲನಿರ್ಣಯವನ್ನೂ ಕೆಡಿಸುತ್ತದೆ. ಹೊಸ ಪ್ರಭೇದ ಎಂದು ಹೇಳುವುದಕ್ಕೆ ಮಾತ್ರ ತುಂಬ ತಡೆದುಕೊಳ್ಳಬೇಕು. ಪಾಚಿ, ಶಿಲೀಂಧ್ರ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ನಾಮಕರಣ ಸಂಹಿತೆಯ ಪ್ರಕಾರ ಅದಕ್ಕೆ ಲ್ಯಾಟಿನ್ ಅಥವಾ ಇಂಗ್ಲಿಷಿನ ವಿವರಣೆ, ಚಿತ್ರ, ಮೂಲಮಾದರಿಯಾಗಿ ಆಯ್ದ ಒಂದೇ ಒಂದು ನಿರ್ದಿಷ್ಟ ಸಿಸ್ಟ್, ಅದನ್ನು ಕಾಪಾಡುವ ಸಂಸ್ಥೆಯ ಉಲ್ಲೇಖ ಇವೆಲ್ಲ ಬೇಕು. ನಮ್ಮ ದೇಶದಲ್ಲಿ ಇಂತಹ ಸೂಕ್ಷ್ಮ ಪಳೆಯುಳಿಕೆಗಳ ದೊಡ್ಡ ಸಂಗ್ರಹವಿರುವುದು 1946ರಲ್ಲಿ ಸ್ಥಾಪನೆಯಾದ ಲಖನೌದ ಬೀರಬಲ್ ಸಾಹನಿ ಪುರಾವಿಜ್ಞಾನ ಸಂಸ್ಥೆಯಲ್ಲಿ. ಸಂಶಯ ಬಗೆಹರಿಯದ ಮಾದರಿಗಳನ್ನು ಅಂತಹ ಸಂಗ್ರಹದೊಂದಿಗೆ ಹೋಲಿಸಿದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು.

ಸ್ಲೈಡನ್ನು ಪೆಟ್ಟಿಗೆಗೆ ಸೇರಿಸುವ ಮೊದಲು ಮಾದರಿಯ ಸ್ಥಾನವನ್ನು ಇಂಗ್ಲೆಂಡ್ ಫೈಂಡರ್ ಎಂಬ ಗುರುತಿನ ಗಾಜಿನ ಚೌಕಸಂಖ್ಯೆಯಲ್ಲಿ ಬರೆದುಕೊಳ್ಳಬೇಕು. ಸೂಕ್ಷ್ಮದರ್ಶಕದ ಅಳತೆಪಟ್ಟಿಯ ಅಂಕಿ ಮಾತ್ರ ಬರೆದರೆ ಬೇರೆ ಯಂತ್ರದಲ್ಲಿ ಅದೇ ಸಿಸ್ಟ್ ಮತ್ತೆ ಸಿಗುವುದಿಲ್ಲ. ಲೇಬಲ್ಲಿನಲ್ಲಿ ಕಲ್ಲು ತೆಗೆದ ಊರು, ಪದರ, ಮಾದರಿ ಸಂಖ್ಯೆ, ಸ್ಲೈಡ್ ಸಂಖ್ಯೆ, ಸಂಸ್ಕರಿಸಿದ ದಿನಾಂಕ ಇರಲಿ. ಹೆಸರನ್ನು ಮಾತ್ರ ಪೆನ್ಸಿಲಿನಲ್ಲೇ ಬರೆಯಿರಿ.